ನೀರು ಹಾಕಿದವನ ಕಣ್ಣು

ಆತ ನಡೆದುಕೊಂಡೇ ಒಳಗೆ ಬಂದ. ಅಷ್ಟು ಖಚಿತ. ಒಂದು ಕೈ ಹೆಂಡತಿಯ ಹೆಗಲ ಮೇಲಿತ್ತು. ಯಾವ ಕೈ ಎಂದು ಕೇಳಿದರೆ ಎಡಗೈ ಎನ್ನುತ್ತೇನೆ, ಆದರೆ ಅದು ಈ ಸಂಗತಿಯನ್ನು ಹಲವು ಸಲ ಹೇಳಿದ ಮೇಲೆ ನಾನೇ ತೀರ್ಮಾನಿಸಿಕೊಂಡದ್ದು. ಉಟ್ಟಿದ್ದ ಪಂಚೆಯ ಬಣ್ಣವೂ ಹಾಗೆಯೇ. ಹಸಿರು ಎಂದು ನಾನು, ಕಾವಿ ಎಂದು ನಮ್ಮ ಸಿಸ್ಟರ್. ಕೊರಳಲ್ಲಿ ಮಾಲೆ ಇತ್ತೆಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ. ತೈಪೂಸದ ಹಬ್ಬಕ್ಕೆ ಪಳನಿಯ ಮುರುಗನ ಗುಡಿಗೆ ನಡೆದು ಹೋಗುವವರು ಹಾಕಿಕೊಳ್ಳುವ ಮಾಲೆ. ಅದು ಕೊರಳಲ್ಲಿರುವಷ್ಟು ದಿನ ಮಾಂಸವಿಲ್ಲ, ಕುಡಿತವಿಲ್ಲ.

ನಾನು ಕೆಲಸ ಮಾಡುವ ಸಣ್ಣ ಆಸ್ಪತ್ರೆ ಕೊಯಮತ್ತೂರಿನ ಕುರಿಚಿಯಲ್ಲಿ, ಫೌಂಡ್ರಿಗಳ ನಡುವೆ ಇದೆ. ಸುಟ್ಟ ಪಾದ, ಜಜ್ಜಿದ ಬೆರಳು, ಲೋಹದ ಚೂರು ಹೊಕ್ಕ ಕಣ್ಣು, ವೆಲ್ಡಿಂಗ್ ಬೆಳಕು ಹೊಡೆದ ಕಣ್ಣು, ಇವು ನಮ್ಮ ದಿನದ ರೋಗಿಗಳು. ಕಣ್ಣು ಹೊಡೆತಕ್ಕೆ ಇಲ್ಲಿನವರು ಮನೆಯಲ್ಲೇ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು, ಅದು ಬಾಡಿದ ಮೇಲೆ ನಮ್ಮ ಬಳಿಗೆ ಬರುತ್ತಾರೆ. ಹಾಗಾಗಿ ಫರ್ನೇಸ್ ಕೆಲಸದವನೊಬ್ಬ ಬೆಳಿಗ್ಗೆ ಕಣ್ಣು ಮಂಜು ಎಂದು ಬಂದಾಗ ಯಾರೂ ಓಡಲಿಲ್ಲ.

ಮೊದಲು ಪರೀಕ್ಷಿಸಿದ್ದು ನಮ್ಮ ಕಿರಿಯ ಡಾಕ್ಟರ್. ದಾವಣಗೆರೆಯವನು, ಬಂದು ಕೆಲವೇ ತಿಂಗಳು. ತಮಿಳು ಅವನ ಬಾಯಿಗೆ ಇನ್ನೂ ಹತ್ತಿರಲಿಲ್ಲ. ಅವನು ಹಿಗ್ಗಿಕೊಂಡು ನನ್ನ ಕೋಣೆಗೆ ಬಂದ.

"ಮೇಡಂ, ನಮ್ಮೋರು ಸಿಕ್ಕಿದ್ರು! ಗಂಡ ಹೆಂಡ್ತಿ ಇಬ್ರೂ ಕನ್ನಡ ಮಾತಾಡ್ತಾರೆ. ಒಂಥರಾ ಕನ್ನಡ."

"ನನ್ನದೂ ಒಂಥರಾ ಕನ್ನಡಾನೇ ಕಣಪ್ಪ."

"ನಿಮ್ದು ಪರವಾಗಿಲ್ಲ ಮೇಡಂ, ಅರ್ಧ ಅರ್ಥ ಆಗುತ್ತೆ."

ನಮ್ಮ ಮನೆಯವರು ಕೊಯಮತ್ತೂರಿಗೆ ಬಂದು ಎಷ್ಟು ತಲೆಮಾರಾಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಡುಗೆಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ಈ ಕನ್ನಡ ಅಕ್ಷರಗಳನ್ನು ನಾನು ದೊಡ್ಡವಳಾದ ಮೇಲೆ ಕಲಿತದ್ದು. ನಕ್ಕು, ರೋಗಿಗೇನಾಗಿದೆ ಎಂದು ಕೇಳಿದೆ.

"ಫರ್ನೇಸ್ ನೋಡಿ ನೋಡಿ ಕಣ್ಣು ಮಂಜಾಗಿದೆ. ನಿನ್ನೆ ರಾತ್ರಿಯಿಂದ ತಲೆನೋವು, ವಾಂತಿ. ಡ್ರಾಪ್ಸ್ ಹಾಕಿ, ಎರಡೂ ಕಣ್ಣಿಗೆ ಪ್ಯಾಡ್ ಕಟ್ಟಿ ಮಲಗಿಸಿದೀನಿ."

"ಕುಡಿತ?"

"ಮಾಲೆ ಹಾಕಿದಾರೆ ಮೇಡಂ, ಮುಟ್ಟಲ್ವಂತೆ. ಮೊನ್ನೆ ಸಾಯಂಕಾಲ ಫೌಂಡ್ರೀಲಿ ನೀರು ಹಾಕಿದಾರೆ, ಅಷ್ಟೇ. ಹೆಂಡ್ತಿ ಅವರ ಭಾವನ ಹತ್ರ ಹೇಳ್ತಾ ಇದ್ರು. ಕಣ್ಣಿಗೆ ನೀರು ಹಾಕಿದ್ದು ಒಳ್ಳೇದೇ ಆಯ್ತು."

ಆ ಮಾತು ಕೇಳಿದ ಕೂಡಲೇ ನನಗೆಲ್ಲ ಹೊಳೆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಹೊಳೆಯಲಿಲ್ಲ. ಸರಿ ಎಂದು ತಲೆಯಾಡಿಸಿದೆ. ವಾರ್ಡಿಗೆ ಹೋದದ್ದು ಬೇರೊಬ್ಬರ ಕಾಲಿನ ಕಟ್ಟು ಬಿಚ್ಚಿಸುವುದಕ್ಕೆ.

ಅಲ್ಲಿ ಕೇಳಿಸಿದ್ದು ಉಸಿರು. ಹಾಸಿಗೆಯ ಮೇಲೆ ಅಲ್ಲಾಡದೆ ಮಲಗಿದ್ದ ಮನುಷ್ಯ, ಮಹಡಿಗೆ ಮೂಟೆ ಹೊತ್ತು ಈಗಷ್ಟೇ ಇಳಿಸಿದವನ ಹಾಗೆ ಉಸಿರಾಡುತ್ತಿದ್ದ. ಆಳವಾದ, ಬೇಗ ಬೇಗನೆ ಬರುವ ಉಸಿರು. ನೋವಿಗೆ ಏದುಸಿರು ಬಿಡುವವರು ಹೀಗೆ ಬಿಡುವುದಿಲ್ಲ. ಅವರ ಉಸಿರು ಮೇಲೆ ಮೇಲೆ ಇರುತ್ತದೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿದೆ, ಆಮ್ಲಜನಕಕ್ಕೆ ಏನೂ ಕೊರತೆಯಿರಲಿಲ್ಲ. ಎದೆಗೆ ಸ್ಟೆತ್ ಇಟ್ಟೆ, ಎರಡೂ ಕಡೆ ಶುದ್ಧ. ಗಾಳಿ ಸಾಲದೆ ಬಿಡುತ್ತಿರುವ ಉಸಿರಲ್ಲ ಇದು. ರಕ್ತ ಹುಳಿಯಾದಾಗ ದೇಹ ಆ ಹುಳಿಯನ್ನು ಹೊರಗೆ ಊದಿ ಹಾಕಲು ನೋಡುವ ಉಸಿರು.

ಕಣ್ಣಿನ ಪ್ಯಾಡ್ ತೆಗೆದೆ. ಬೆಳಕು ಹೊಡೆದ ಕಣ್ಣು ಕೆಂಪಗಿರುತ್ತದೆ, ನೀರು ಸುರಿಯುತ್ತದೆ, ರೆಪ್ಪೆ ಬಿಡಿಸಲು ಹೋದರೆ ರೋಗಿ ನಮ್ಮ ಕೈಯನ್ನೇ ತಳ್ಳುತ್ತಾನೆ. ಈತನ ಕಣ್ಣು ಬೆಳ್ಳಗೆ, ಒಣಗಿ, ತಾನಾಗಿ ತೆರೆದುಕೊಂಡಿತು. ಪಾಪೆ ಅಗಲವಾಗಿತ್ತು. ಟಾರ್ಚ್ ಬಿಟ್ಟರೆ ಕುಗ್ಗಲೋ ಬೇಡವೋ ಎಂಬಂತೆ ತುಸು ಕುಗ್ಗಿ ನಿಂತುಬಿಟ್ಟಿತು.

ಏನು ಕಾಣಿಸುತ್ತಿದೆ ಎಂದು ತಮಿಳಿನಲ್ಲಿ ಕೇಳಿದೆ. ಸ್ಪಿನ್ನಿಂಗ್ ಮಿಲ್ಲಿನೊಳಗೆ ನಿಂತ ಹಾಗಿದೆ, ಎಲ್ಲಾ ಕಡೆ ಹತ್ತಿ ಹಾರುತ್ತಿದೆ, ಅದರ ಹಿಂದೆ ನೀವಿದ್ದೀರಿ ಎಂದ. ವೈದ್ಯಕೀಯ ಪುಸ್ತಕದಲ್ಲಿ ಇದನ್ನು ಹಿಮ ಬೀಳುವ ಬಯಲು ಎಂದು ಬರೆದಿರುತ್ತಾರೆ. ಹಿಮವನ್ನು ನಾನೂ ಕಂಡಿಲ್ಲ, ಆತನೂ ಕಂಡಿಲ್ಲ.

ಹೆಂಡತಿಯ ಕಡೆ ತಿರುಗಿ, ಏನಾದರೂ ಕುಡಿದಿದ್ದಾರೆಯೇ ಎಂದೆ, ಅದೂ ತಮಿಳಿನಲ್ಲಿ. ಆಕೆ ತಮಿಳಿನಲ್ಲೇ, ಮಾಲೆಯನ್ನು ತೋರಿಸಿ, ಇಲ್ಲ ಎಂದಳು. ಪಕ್ಕದಲ್ಲಿ ನಿಂತಿದ್ದ ರೋಗಿಯ ಅಣ್ಣ ಬಾಯಿ ತೆರೆಯಲು ಹೋದ. ಆಗ ಆಕೆ ಅವನ ಕಡೆಗೆ ಕನ್ನಡದಲ್ಲಿ, ತುಟಿ ಹೆಚ್ಚು ಅಲ್ಲಾಡಿಸದೆ ಹೇಳಿದಳು:

"ಬಾವ, ಸುಮ್ನಿರಿ. ನೀರು ಹಾಕಿದ್ದ ಹೇಳಿದ್ರೆ ಗುರುಸಾಮಿ ಪಳನಿ ಕೂಟಕ್ಕೇ ಸೇರ್ಸಲ್ಲ."

ಈ ಊರಿನಲ್ಲಿ ನಮ್ಮಂಥ ಮನೆಗಳವರಿಗೆ ಕನ್ನಡ ಒಂದು ಒಳಕೋಣೆ. ಬಸ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಡಾಕ್ಟರ ಎದುರಿಗೆ, ಬೇರೆಯವರು ಕೇಳಬಾರದ್ದನ್ನು ಅಲ್ಲಿ ಮಾತಾಡುತ್ತೇವೆ. ಕನ್ನಡ ಬರುವುದು ಆ ಹೊಸ ಹುಡುಗನಿಗೆ ಮಾತ್ರ ಎಂದು ಆಕೆ ತಿಳಿದಿದ್ದಳು.

ಆ ಹುಡುಗನಿಗೋ ಆ ಕನ್ನಡ ಬಂದೇ ಇರಲಿಲ್ಲ. ತಮಿಳಿನಲ್ಲಿ ಕುಡಿಯುವುದಕ್ಕೆ ‘ತಣ್ಣಿ ಪೋಡುವುದು’ ಎನ್ನುತ್ತಾರೆ. ಅದನ್ನೇ ನಮ್ಮ ಮನೆಗಳಲ್ಲಿ ‘ನೀರು ಹಾಕೋದು’ ಎಂದು ಮಾಡಿಕೊಂಡಿದ್ದೇವೆ. ನಮ್ಮ ಸೋದರತ್ತೆಗೆ ನೋಡಿದ ಗಂಡುಗಳಲ್ಲಿ ಇಬ್ಬರನ್ನು ನೀರು ಹಾಕುತ್ತಾರೆಂದೇ ಬಿಟ್ಟದ್ದು. ದಾವಣಗೆರೆಯಲ್ಲಿ ನೀರು ಹಾಕುವುದು ಗಿಡಕ್ಕೆ, ಇಲ್ಲವೆ ಕಣ್ಣಿಗೆ.

"ಯಾವ ನೀರಮ್ಮ?" ಎಂದು ಕನ್ನಡದಲ್ಲಿ ಕೇಳಿದೆ.

ಆಕೆಯ ಮುಖ ಹೇಗಾಯಿತೆಂದು ನೆನಪಿಲ್ಲ. ನಾನು ನೋಡುತ್ತಿದ್ದದ್ದು ಆತನ ಎದೆ ಏರಿಳಿಯುವುದನ್ನು. ಉತ್ತರ ಹಾಸಿಗೆಯಿಂದ ಬಂತು.

"ಕಂಪೆನಿ ನೀರುಂಗ."

ಈ ಕೊಂಗು ಸೀಮೆಯ ತಮಿಳಿನ ಮರ್ಯಾದೆಯ ‘ಂಗ’ವನ್ನು ಕನ್ನಡದ ಬಾಲಕ್ಕೆ ಅಂಟಿಸಿ, ಉಸಿರಿನ ನಡುವೆ ತುಂಡು ತುಂಡಾಗಿ ಹೇಳಿದ. ನಾನಿಲ್ಲಿ ಜೋಡಿಸಿ ಬರೆಯುತ್ತಿದ್ದೇನೆ. ಮಾಲೆ ಹಾಕಿದ ದಿನವೇ ಕುಡಿತ ನಿಲ್ಲಿಸಿದ. ಆಮೇಲೆ ಕೈ ನಡುಗತೊಡಗಿತು. ಆತನ ಕೆಲಸ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವುದು.

"ಕೈ ಆಡಿದ್ರೆ ಯಾರ್ ಕಾಲ್ ಮೇಲಾದ್ರೂ ಬೀಳ್ತದೆ. ಅಂಗಡಿಗೆ ಹೋಗಂಗಿಲ್ಲ, ಮಾಲೆ ಅದೆ. ಇದು ಅಂಗಡಿ ಸರಕಲ್ಲವಲ್ಲಾಂಗ. ಕೈ ನಿಲ್ಲಕ್ಕೆ ಒಂದ್ ಲೋಟ."

ಅಚ್ಚಿಗೆ ಬಳಿಯುವ ಕಪ್ಪು ಬಣ್ಣವನ್ನು ತೆಳ್ಳಗೆ ಮಾಡುವ ಸ್ಪಿರಿಟ್ ಅದು. ದೀಪಾವಳಿಗೆ ಮುಂಚೆಯೂ ಒಮ್ಮೆ ಕುಡಿದಿದ್ದನಂತೆ, ಏನೂ ಆಗಿರಲಿಲ್ಲವಂತೆ. ಈಗ ಬಂದಿರುವ ಡ್ರಮ್ ಬೇರೆ.

"ನಿನ್ನ ಜೊತೆ ಇನ್ಯಾರು ಕುಡಿದರು? ನಿಜ ಹೇಳು, ಅವರನ್ನೂ ಕರೆಸಬೇಕು."

"ಒಬ್ನೇ. ಮಾಲೆ ಹಾಕ್ಕೊಂಡು ಯಾರ್ ಜೊತೆ ಹಾಕ್ತಾರೇಂಗ?"

"ಮೂದೇವಿ," ಎಂದ ಅಣ್ಣ. "ಇದಕ್ಕೆ ಅಂಗಡೀಲೇ ಹಾಕ್ಬೋದಿತ್ತಲ್ಲೋ. ದೇವ್ರು ಒಂದ್ ಸಲ ಕಣ್ ಮುಚ್ಕೊಂಡಿರ್ತಿದ್ದ."

ಫೌಂಡ್ರಿಗೆ ಫೋನ್ ಮಾಡಿದೆ. ಸೂಪರ್‌ವೈಸರ್, ಅದು ತಿನ್ನರ್ ಎಂದ. ಅದರಲ್ಲಿ ಏನಿದೆ ಎಂದೆ. ಅದರಲ್ಲೂ ತಿನ್ನರೇ ಇದೆ ಮೇಡಂ ಎಂದ. ಡ್ರಮ್ಮಿನ ಮೇಲೆ ಏನು ಬರೆದಿದೆ ಎಂದೆ. ಒಂದು ನಂಬರ್, ಒಂದು ಬೆಂಕಿಯ ಚಿತ್ರ ಎಂದ. ಅಲ್ಲಿರುವ ಯಾರೂ ಅದನ್ನು ಬಾಯಿಗಿಡದಂತೆ ಈಗಲೇ ಬೀಗ ಹಾಕಿಸು ಎಂದೆ. ನಮ್ಮವರು ಅಂಥವರಲ್ಲ ಮೇಡಂ ಎಂದ.

ಇನ್ನು ನನಗೆ ತಿಳಿದಿದ್ದದ್ದು ಇಷ್ಟು. ಆ ಡ್ರಮ್ಮಿನಲ್ಲಿ ಮೆಥನಾಲ್ ಎಂಬ ವಿಷದ ಸ್ಪಿರಿಟ್ ಇದ್ದರೆ, ಅದು ಹೊಟ್ಟೆಗೆ ಹೋದ ಕೂಡಲೇ ಕೊಲ್ಲುವುದಿಲ್ಲ. ಅಮಲು ಏರಿ ಇಳಿಯುತ್ತದೆ, ಕುಡಿದವನು ಎದ್ದು ಓಡಾಡುತ್ತಾನೆ. ಅರ್ಧ ದಿನವೋ ಒಂದು ದಿನವೋ ಕಳೆಯುವಷ್ಟರಲ್ಲಿ ಲಿವರ್ ಅದನ್ನು ಮುರಿದು ಆಮ್ಲವನ್ನಾಗಿ ಮಾಡಿರುತ್ತದೆ. ಆ ಆಮ್ಲ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ, ಆಮೇಲೆ ಉಳಿದದ್ದನ್ನು. ಲಿವರ್‌ಗೆ ಮಾಮೂಲಿ ಮದ್ಯ ಕೊಟ್ಟರೆ ಅದು ಮೆಥನಾಲನ್ನು ಬಿಟ್ಟು ಮದ್ಯವನ್ನೇ ಮೊದಲು ಮುರಿಯುತ್ತದೆ. ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ವಿಷವನ್ನು ರಕ್ತದಿಂದ ತೆಗೆಯಬೇಕು. ತಡವಾದಷ್ಟೂ ಕಣ್ಣು ಹೋಗುತ್ತದೆ. ಇನ್ನೂ ತಡವಾದರೆ ಕಣ್ಣಿನ ಮಾತು ಬರುವುದಿಲ್ಲ.

ಮಣಿಕಟ್ಟಿನ ನಾಳದಿಂದ ರಕ್ತ ತೆಗೆದು ಹುಳಿ ಅಳೆಯುವ ಯಂತ್ರಕ್ಕಿಟ್ಟೆವು. ಬಂದ ಅಂಕಿಯನ್ನು ನೋಡಿ ಸಿಸ್ಟರ್ ಇನ್ನೊಮ್ಮೆ ಇಟ್ಟಳು. ಅದೇ ಬಂತು. ಅಷ್ಟು ಹುಳಿಯಾದ ರಕ್ತದೊಂದಿಗೆ ಮಾತಾಡುವವರನ್ನು ನಾನು ಹೆಚ್ಚು ಕಂಡಿಲ್ಲ. ಸಕ್ಕರೆ ಸರಿಯಾಗಿತ್ತು, ಮೂತ್ರಪಿಂಡ ಸರಿಯಾಗಿತ್ತು. ಹುಳಿಗೆ ಬೇರೆ ಕಾರಣ ಸಿಗಲಿಲ್ಲ. ಸೋಡಾ ಬೈಕಾರ್ಬನೇಟ್ ಹನಿಸಲು ಶುರು ಮಾಡಿದೆವು, ಫೋಲಿಕ್ ಆಸಿಡ್ ಕೊಟ್ಟೆವು. ಮೆಥನಾಲ್ ಇದೆಯೋ ಇಲ್ಲವೋ ಎಂದು ಹೇಳುವ ಪರೀಕ್ಷೆಯ ಫಲ ಮರುದಿನಕ್ಕಿಂತ ಮೊದಲು ಬರುವಂತಿರಲಿಲ್ಲ.

ನಗರದ ದೊಡ್ಡ ಆಸ್ಪತ್ರೆಯ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಕಳಿಸುತ್ತೇನೆ, ಆದರೆ ಡಯಾಲಿಸಿಸ್ ಯಂತ್ರ ಮಧ್ಯಾಹ್ನಕ್ಕೆ ಮೊದಲು ಖಾಲಿಯಾಗುವುದಿಲ್ಲ ಎಂದರು. ರಕ್ತನಾಳಕ್ಕೆ ಕೊಡುವ ಶುದ್ಧ ಮದ್ಯ ಅವರಲ್ಲೂ ತೀರಿತ್ತು.

"ಮೆಥನಾಲ್ ಅಂತ ಖಾತ್ರಿಯಾ?" ತಮಿಳಿನಲ್ಲಿ ಕೇಳಿದರು.

"ಇಲ್ಲ."

"ಹಾಗಾದರೆ ನೋಡಿದವಳು ನೀನು. ತೀರ್ಮಾನವೂ ನಿನ್ನದು."

ಇದು ನನ್ನ ಊಹೆ ಮಾತ್ರವಾಗಿದ್ದರೆ, ರಕ್ತ ಕೆಟ್ಟಿರುವ ಮನುಷ್ಯನಿಗೆ ನಾನು ಇನ್ನಷ್ಟು ಅಮಲು ಕೊಟ್ಟು, ವಾಂತಿ ಶ್ವಾಸಕೋಶಕ್ಕಿಳಿದು, ಬೇರೆ ರೀತಿಯಲ್ಲಿ ಕೊಲ್ಲಬಹುದಿತ್ತು. ಪುರಾವೆಗೆ ಕಾದರೆ ನಾಳೆ. ಎಷ್ಟು ಹೊತ್ತು ಯೋಚಿಸಿದೆನೋ ಗೊತ್ತಿಲ್ಲ. ಹೆಚ್ಚು ಯೋಚಿಸಿದ ನೆನಪಿಲ್ಲ, ಭಯವಾದ ನೆನಪೂ ಇಲ್ಲ. ನೆನಪಿರುವುದು ಫೋನ್ ಇಟ್ಟು ಬಂದು ಅಣ್ಣನಿಗೆ ಹೇಳಿದ್ದು: ಒಂದು ಬಾಟಲಿ ಬ್ರಾಂದಿ ತನ್ನಿ.

ಅವನು ನನ್ನನ್ನು ನೋಡಿದ. "ಯಾರಿಗೇಂಗ?"

"ನಿಮ್ಮ ತಮ್ಮನಿಗೆ."

ಹೆಂಡತಿ ಹಾಸಿಗೆಗೆ ಅಡ್ಡ ನಿಂತಳು. "ಮಾಲೆ ಹಾಕಿದೋರ ಬಾಯಿಗೆ ನೀವೇ ಬ್ರಾಂದಿ ಹುಯ್ತೀರಾ? ಡಾಕ್ಟರಮ್ಮಾ, ನೀವೂ ನಮ್ ಮಾತಾಡೋರೇ ತಾನೇ?"

"ಬಾಯಿಗಲ್ಲಮ್ಮ. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕ್ತೀವಿ."

"ಮೂಗಾದ್ರೆ ಸರಿಯಾ?"

ಕಣ್ಣು ಉಳಿಯಬೇಕಾದರೆ ಇದೇ ಮದ್ದು, ಇದಕ್ಕಿಂತ ಒಳ್ಳೆಯದು ಈ ಹೊತ್ತಿಗೆ ಊರಲ್ಲಿಲ್ಲ ಎಂದೆ. ಕೊಟ್ಟರೂ ಉಳಿಯುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದೆ. ಆಕೆ ಗುರುಸಾಮಿಗೆ, ಅಂದರೆ ಅವರ ಪಾದಯಾತ್ರೆಯ ಕೂಟದ ಹಿರಿಯನಿಗೆ, ಫೋನ್ ಮಾಡಿ ಸ್ಪೀಕರ್ ಹಾಕಿದಳು. ಆತ ಎಲ್ಲ ಕೇಳಿ, ಮಾಲೆ ಕಳಚಿ ಮುರುಗನ ಪಟದ ಮುಂದಿಡಿ, ಆಮೇಲೆ ಡಾಕ್ಟರು ಏನು ಕೊಟ್ಟರೂ ಅದು ಮರುಂದು, ಔಷಧ ಎಂದ. ಫೋನ್ ಇಡುವ ಮೊದಲು, ನಾನು ಹೇಳಿದೆನೆಂದು ಎಲ್ಲೂ ಹೇಳಬೇಡಿ ಎಂದ. ಆಕೆ ಮಾಲೆಯನ್ನು ಗಂಡನ ತಲೆಯ ಮೇಲಿಂದ ಮೆಲ್ಲಗೆ ತೆಗೆದಳು. ಆತ ತಲೆ ಎತ್ತಿಕೊಟ್ಟ.

ಸರ್ಕಾರಿ ಮದ್ಯದಂಗಡಿ ತೆರೆಯುವುದು ಮಧ್ಯಾಹ್ನ. "ಅದಕ್ ಬೇರೆ ದಾರಿ ಅದೆ, ಡಾಕ್ಟರ್ ಚೀಟಿ ಬೇಕಿಲ್ಲ," ಎಂದು ಅಣ್ಣ ಬೈಕ್ ಹತ್ತಿ ಹೋದ. ತಂದ. ಮುಚ್ಚಳ ಹಿಡಿದು ತಿರುಗಿಸಿದೆ. ಸೀಲ್ ಒಡೆಯುವ ಸದ್ದೇ ಇಲ್ಲದೆ ಅದು ಸುಮ್ಮನೆ ತಿರುಗಿತು. ಯಾರೋ ಒಮ್ಮೆ ತೆರೆದು ಏನೋ ತುಂಬಿದ ಬಾಟಲಿ. ಒಂದು ಡ್ರಮ್ಮಿನ ವಿಷಕ್ಕೆ ಇನ್ನೊಂದು ಗೊತ್ತಿಲ್ಲದ ದ್ರವ. ಸಿಂಕಿಗೆ ಸುರಿದೆ. ಅಣ್ಣ ಅದು ಹರಿದುಹೋಗುವವರೆಗೂ ಸಿಂಕನ್ನೇ ನೋಡುತ್ತಿದ್ದ.

ರೋಗಿಯ ಉಸಿರು ಇನ್ನೂ ಜೋರಾಗಿತ್ತು. ದೀಪ ಹಾಕಿ ಎಂದ. ದೀಪ ಉರಿಯುತ್ತಲೇ ಇತ್ತು. ಕಿಟಕಿಯೂ ತೆರೆದಿತ್ತು.

ಆಗ ಕಿರಿಯ ಡಾಕ್ಟರ್ ನನ್ನ ಬಳಿ ಬಂದು ದನಿ ತಗ್ಗಿಸಿದ. "ಮೇಡಂ... ಮೇಲೆ ನನ್ನ ರೂಮಲ್ಲಿ ಒಂದಿದೆ. ವೋಡ್ಕಾ. ಸೀಲ್ ಒಡೆದಿಲ್ಲ. ಫ್ರೆಂಡ್ ಮದುವೆಗೆ ಅಂತ ಇಟ್ಟಿದ್ದೆ."

ಸಿಸ್ಟರ್ ಟ್ಯೂಬಿಗೆ ಜೆಲ್ ಹಚ್ಚುತ್ತಲೇ ತಮಿಳಿನಲ್ಲಿ ಎಂದಳು: "ಡಾಕ್ಟರಿಗೆ ತಮಿಳು ಬರಲ್ಲ ಅಂದುಕೊಂಡಿದ್ದೆ. ತಣ್ಣಿ ಮಟ್ಟಿಗೆ ಚೆನ್ನಾಗಿ ಬರುತ್ತೆ."

ಅವನು ಓಡಿದ. ಈ ಸಲ ಮುಚ್ಚಳ ಕಟಕಟನೆ ಒಡೆಯಿತು. ಬಾಟಲಿಯ ಮೇಲಿನ ಶೇಕಡ ನೋಡಿ, ತೂಕಕ್ಕೆ ಲೆಕ್ಕ ಹಾಕಿ, ಮತ್ತೊಬ್ಬರಿಂದ ಲೆಕ್ಕ ಹಾಕಿಸಿ, ಅಷ್ಟೇ ಗ್ಲೂಕೋಸ್ ನೀರು ಬೆರೆಸಿದೆವು. ತಲೆಯ ಕಡೆ ಮಂಚ ಎತ್ತರಿಸಿ ಟ್ಯೂಬ್ ಇಳಿಸಿದೆವು. ಅದು ಹೊಟ್ಟೆಯಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು ನಿಧಾನವಾಗಿ ಬಿಟ್ಟೆವು. ಆಮೇಲೆ ಗಂಟೆಗೆ ಇಷ್ಟು ಎಂದು ಸಣ್ಣ ಪ್ರಮಾಣದಲ್ಲಿ. ಮದ್ಯ ಸಕ್ಕರೆಯನ್ನು ಇಳಿಸುವುದರಿಂದ ಪದೇ ಪದೇ ಬೆರಳು ಚುಚ್ಚಿ ನೋಡಬೇಕು. ಪಕ್ಕದ ಹಾಸಿಗೆಯವನು ಮೂಗರಳಿಸಿ, ನನಗೆ ಬರೀ ಕಾಲು ನೋವು, ನನಗೂ ಇದೇ ಮದ್ದು ಸಾಕು ಎಂದ. ಯಾರೂ ನಗಲಿಲ್ಲ, ಅಥವಾ ನಕ್ಕರು. ನನಗೆ ಅದರ ಸದ್ದು ಉಳಿದಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ರೋಗಿ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದುಕೊಂಡ. ನೋಡುವುದಕ್ಕೆಂದು ನಾನು ತಿಳಿದೆ.

"ನಿಂತೋಯ್ತು," ಎಂದ ಹೆಂಡತಿಗೆ. "ನಡುಕ ನಿಂತೋಯ್ತು, ನೋಡು."

ಆಂಬುಲೆನ್ಸಿನಲ್ಲಿ ನಾನೂ ಹೋದೆ, ಟ್ಯೂಬ್ ಹಿಡಿದುಕೊಂಡು. ಉಕ್ಕಡಂ ಕಡೆ ವಾಹನಗಳು ನಿಂತಿದ್ದವು, ನಾವೂ ನಿಂತೆವು. ಡಯಾಲಿಸಿಸ್ ಸಂಜೆಯವರೆಗೆ ನಡೆಯಿತು. ರಕ್ತದ ಹುಳಿ ಇಳಿಯಿತು, ಉಸಿರು ಮಾಮೂಲಿಗೆ ಬಂತು. ಮರುದಿನ ಬಂದ ಪರೀಕ್ಷೆಯ ಫಲ ಮೆಥನಾಲ್ ಎಂದಿತ್ತು. ಕಿಡ್ನಿ ಡಾಕ್ಟರ್ ಫೋನ್ ಮಾಡಿ, ನಿನ್ನ ತೀರ್ಮಾನ ಸರಿ, ಜೀವ ಉಳಿಯಿತು ಎಂದರು. ಕಣ್ಣು, ಎಂದೆ. ನೋಡೋಣ ಎಂದರು. ನನಗೆ ಸಂತೋಷವಾಯಿತೋ ಎಂದು ಆಮೇಲೆ ಹಲವರು ಕೇಳಿದ್ದಾರೆ. ಆ ಹೊತ್ತಿಗೆ ನಾನು ಒಬ್ಬರ ಹೆಬ್ಬೆರಳಿಗೆ ಹೊಲಿಗೆ ಹಾಕುತ್ತಿದ್ದೆ. ಹೊಲಿಗೆ ಚೆನ್ನಾಗಿ ಬಂತು.

ಕೆಲವು ದಿನಗಳ ಮೇಲೆ ನೋಡಲು ಹೋದೆ. ಒಳಗೆ ಹೋಗುವ ಮೊದಲೇ ಅಲ್ಲಿನ ಕಣ್ಣಿನ ಡಾಕ್ಟರ್ ನನಗೆ ಹೇಳಿದ್ದರು: ಕಣ್ಣಿನ ನರ ಬಿಳಿಚಿಕೊಂಡಿದೆ, ನೋಟ ಮರಳುವುದಿಲ್ಲ, ಹೆಂಡತಿಗೆ ತಿಳಿಸಿದ್ದೇವೆ, ಅವನಿಗೆ ಇನ್ನೂ ಇಲ್ಲ. ಆತ ದಿಂಬಿಗೊರಗಿ ಕುಳಿತಿದ್ದ. ನನ್ನ ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿದ, ಆದರೆ ನಾನಿದ್ದ ಕಡೆಗಿಂತ ತುಸು ಪಕ್ಕಕ್ಕೆ.

"ಕನ್ನಡ ಡಾಕ್ಟರಮ್ಮ," ಎಂದಳು ಹೆಂಡತಿ.

"ವಾಂಗ, ವಾಂಗ, ಬನ್ನಿ. ಈಗ ಪರ್ವಾಗಿಲ್ಲಾಂಗ. ಆ ಹತ್ತಿಯೆಲ್ಲಾ ನಿಂತೋಯ್ತು." ದನಿ ಗೆಲುವಾಗಿತ್ತು. "ಸೂಪರ್‌ವೈಸರ್ ಬಂದಿದ್ದ. ಡಾಕ್ಟರ್ ಸರಿ ಅಂದ್ರೆ ಫರ್ನೇಸ್‌ಗೇ ಬಾ ಅಂದ. ನೀವೇ ಪರೀಕ್ಷೆ ಮಾಡಿ ಒಂದ್ ಮಾತ್ ಹೇಳ್ಬುಡಿ. ಇಲ್ಲಿ ದಿನಾ ಬೆರಳು ತೋರಿಸ್ತಾರೆ. ತೋರ್ಸಿ, ಹೇಳ್ತೀನಿ."

ನನ್ನ ಒಂದು ಕೈಯಲ್ಲಿ ಚೀಲವಿತ್ತು, ಇನ್ನೊಂದರಲ್ಲಿ ಆಕೆ ಆಗಷ್ಟೇ ಕೊಟ್ಟ ಕಾಫಿಯ ಲೋಟ.

"ಎರಡು," ಎಂದ ಆತ.

ಹೆಂಡತಿ ನನ್ನ ಎರಡೂ ಕೈಗಳನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು.

"ಸರಿಯಾ?" ಎಂದ.

"ಸರಿ," ಎಂದಳು ಆಕೆ. "ಎರಡೇ."

ನಾನು ಚೀಲವನ್ನು ನೆಲಕ್ಕಿಟ್ಟು, ಲೋಟವನ್ನು ಕಿಟಕಿಯ ಮೇಲಿಟ್ಟು, ಎರಡು ಬೆರಳು ಎತ್ತಿ ಹಿಡಿದೆ.